ಓದುಗರ ಪ್ರಶ್ನೆ: ಹೋಗೋಕೆ ಎರಡೂವರೆ ಗಂಟೆ, ಬರೋಕೆ ಐದು ಗಂಟೆಯೇ?

ಪ್ರಶ್ನೆ: ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮಗಳ ಬಾಣಂತನಕ್ಕೆ ಡಿಸೆಂಬರ್‌ನಲ್ಲಿ ನಾನು, ನಮ್ಮ ಮನೆಯವರು ದುಬೈಗೆ ಹೊರಟಿದ್ದೇವೆ. ಟಿಕೆಟ್ ಪ್ರಕಾರ ಬೆಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಬಿಟ್ಟು 12.30ಕ್ಕೆ ಇಳಿಯುತ್ತೇವೆ. ಬರುವಾಗ ಮಧ್ಯಾಹ್ನ 2ಕ್ಕೆ ಬಿಟ್ಟರೆ ಸಂಜೆ 7.10. ದಾರಿ ಒಂದೇ ಅಲ್ವಾ? ಬರುವಾಗ ಸುತ್ತಿ ಬಳಸಿ ಬರ್ತಾರಾ?
— ಬಟವಾಡಿ, ತುಮಕೂರು

ಉತ್ತರ: ಯಜಮಾನರೇ, ಜೀವಮಾನವೆಲ್ಲ ಗಡಿಯಾರ ಮಾಡಿದ ನಿಮ್ಮನ್ನೇ ಟಿಕೆಟ್ ಏಮಾರಿಸಿದೆ! ಅದರಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಭೂಮಿ 15 ಡಿಗ್ರಿ ತಿರುಗಲು ಒಂದು ಗಂಟೆ ಬೇಕು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ದುಬೈಯದು 60ರ ಲೆಕ್ಕದ್ದು. ಅಲ್ಲಿಗೆ ಅವರು ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ: 4 ಗಂಟೆ. ಬರುವಾಗ ಕಳೆಯಿರಿ: 3 ಗಂಟೆ 40 ನಿಮಿಷ.

ನಾಚಿಕೆಪಡಬೇಡಿ. ನಾನು ಮೊದಲ ಸಲ ಹೋದಾಗ ವಾಚು ತಿದ್ದಿರಲಿಲ್ಲ. ಒಂದು ಗಂಟೆಗೆ ಬರ್ತೀನಿ ಅಂದ ತಮ್ಮ ಎರಡೂವರೆಗೆ ಬಂದ ಅಂತ ಎಲ್ಲರೆದುರೇ ಬೈದಿದ್ದೆ. ಪಾಪ, ಅವನು ಸರಿಯಾಗೇ ಬಂದಿದ್ದ.

ಈಗ ನೋಡಿ, ನಿಮ್ಮ ಅನುಮಾನ ತಿರುಗಾಮುರುಗಾ ಆಯಿತು. ಬರುವಾಗಲೇ 20 ನಿಮಿಷ ಕಮ್ಮಿ! ಇದು ಗಾಳಿಯ ಕೆಲಸ. ಚಳಿಗಾಲದಲ್ಲಿ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ, ಈ ದಾರಿಯ ಬಹುಪಾಲು, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಬೆಂಗಳೂರು–ದುಬೈ ನೇರ ದೂರ ಸುಮಾರು 2,700 ಕಿ.ಮೀ. ವಿಮಾನದ ವೇಗ ಗಂಟೆಗೆ 850, ಗಾಳಿಯದು 50 ಅಂದುಕೊಳ್ಳಿ. ಹೋಗುವಾಗ 800ರ ಲೆಕ್ಕ, ಬರುವಾಗ 900ರ ಲೆಕ್ಕ. ಭಾಗಿಸಿದರೆ 22 ನಿಮಿಷದ ವ್ಯತ್ಯಾಸ ತಾನಾಗಿ ಬರುತ್ತದೆ. ಮಳೆಗಾಲದಲ್ಲಾದರೆ ದಕ್ಷಿಣದ ಮೇಲೆ ಆ ಎತ್ತರದ ಗಾಳಿ ಪೂರ್ವದಿಂದ ಬೀಸುತ್ತದೆ. ಆಗ ಈ ಲಾಭ ಇಷ್ಟೇ ಇರುತ್ತದೆ ಅನ್ನುವಂತಿಲ್ಲ.

ಹಾರುವುದು ಮೂರು ಚಿಲ್ಲರೆ ಗಂಟೆ ಆದರೆ ಟಿಕೆಟ್‌ನಲ್ಲಿ ನಾಲ್ಕು ಯಾಕೆ ಅಂತ ಮುಂದಿನ ಕಾಗದ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ವಿಮಾನ ನಿಂತ ಜಾಗ ಬಿಟ್ಟು ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗೂ ಲೆಕ್ಕ. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲಾ ಸೇರಿತು. ಅಲ್ಲದೆ ಆಕಾಶದಲ್ಲೂ ಗೊತ್ತುಮಾಡಿದ ದಾರಿಗಳಿವೆ, ದಾರ ಹಿಡಿದಂತೆ ನೇರ ಹೋಗುವುದಿಲ್ಲ.

ನನಗೆ ಚಿಂತೆ ಇರುವುದು ನಿಮ್ಮ ಮನೆಯಿಂದ ದೇವನಹಳ್ಳಿವರೆಗಿನ ದಾರಿಯದೇ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು, ಅಂದರೆ ಏಳಕ್ಕೆ. ಬೆಂಗಳೂರಿನೊಳಗೆ ಹೋಗಬೇಡಿ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋಗಿ. ಬೆಳಗಿನ ಜಾವ ನಾಲ್ಕೂವರೆಗೇ ಮನೆ ಬಿಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವ ಆಸೆ ಆವತ್ತು ಬೇಡ.