ಮೂಕಿ ಚಿತ್ರಗಳ ಕಾಲದ ಥಿಯೇಟರ್ ಪ್ರೋಗ್ರಾಂಗಳಿಗೆ ಬೆಲೆ ಕಟ್ಟುವುದು ಹೇಗೆ?

ತೀರಿಹೋದ ಸಂಬಂಧಿಕರೊಬ್ಬರ ಪೆಟ್ಟಿಗೆಯಲ್ಲಿ ಅಮೆರಿಕದ ಮೂಕಿ ಸಿನಿಮಾ ಥಿಯೇಟರುಗಳ ಪ್ರೋಗ್ರಾಂ (ಆಟಕ್ಕೆ ಬಂದವರಿಗಾಗಿ ಅಚ್ಚು ಹಾಕಿಸುತ್ತಿದ್ದ ಹಾಳೆ, ಪುಸ್ತಕ) ಕಟ್ಟೊಂದು ಸಿಕ್ಕಿದೆ, ಜೊತೆಗೆ ಜರ್ಮನಿಯವೂ ಒಂದೆರಡು ಇವೆ, ಇವಕ್ಕೆ ಬೆಲೆ ಇದೆಯಾ, ಮುಂದೆ ಇದನ್ನೇ ಸಂಗ್ರಹವಾಗಿ ಬೆಳೆಸಬಹುದಾ ಅಂತ ಕೇಳಿದ್ದೀರಿ. ನಾನು ಇಂಥ ಕಾಗದಗಳನ್ನೇ ಹುಡುಕಿ ಕೂಡಿಡುವವನು. ಬೆಲೆ ಖಂಡಿತ ಇದೆ. ಆದರೆ ಎಲ್ಲದಕ್ಕೂ ಒಂದೇ ಥರ ಇಲ್ಲ. ದೊಡ್ಡ ಹೆಸರಿನ ಸಿನಿಮಾದ ಪ್ರೋಗ್ರಾಂ ಅಂದ ಮಾತ್ರಕ್ಕೆ ಅದು ಅಪರೂಪದ್ದು ಅಂತಲೂ ಅಲ್ಲ.

ಮೊದಲು ಕಟ್ಟು ಬಿಚ್ಚಿ, ಯಾವುದು ಯಾವ ಬಗೆಯದು ಅಂತ ಬೇರೆ ಮಾಡಿ. ಆ ಕಾಲದಲ್ಲಿ ಭಾರಿ ಚಿತ್ರಗಳನ್ನು ನಾಟಕದ ಹಾಗೆ ತೋರಿಸುತ್ತಿದ್ದರು. ದಿನಕ್ಕೆ ಎರಡೇ ಆಟ, ಸೀಟು ಮೊದಲೇ ಕಾದಿರಿಸಬೇಕು, ಟಿಕೆಟ್ಟೂ ದುಬಾರಿ. ಇದನ್ನು ರೋಡ್‌ಶೋ ಅನ್ನುತ್ತಿದ್ದರು. 1915ರಲ್ಲಿ ನ್ಯೂಯಾರ್ಕಿನ ಲಿಬರ್ಟಿ ಥಿಯೇಟರಿನಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ನೋಡಲು ಒಳ್ಳೆಯ ಸೀಟಿಗೆ 2 ಡಾಲರ್ ಕೊಡಬೇಕಿತ್ತು. ಇಂಥ ಆಟಗಳಲ್ಲಿ ದಪ್ಪ ಹೊದಿಕೆಯ, ಚಿತ್ರಗಳು ತುಂಬಿದ ಸುವನೀರ್ ಪುಸ್ತಕ, ಅಂದರೆ ನೆನಪಿಗೆ ಇಟ್ಟುಕೊಳ್ಳುವ ಪುಸ್ತಕ, ಮಾರುತ್ತಿದ್ದರು. ‘ದಿ ಬಿಗ್ ಪೆರೇಡ್’, ‘ಬೆನ್-ಹರ್’, ‘ವಿಂಗ್ಸ್’ ಇವುಗಳ ಪುಸ್ತಕಗಳು ನೋಡಲು ತುಂಬಾ ಚೆಂದ. ಆದರೆ ಚಿತ್ರ ಊರೂರು ಸುತ್ತಿದಂತೆ ಪುಸ್ತಕವೂ ಸುತ್ತಿತು. ಕೊಂಡವರು ಜೋಪಾನವಾಗಿ ಇಟ್ಟುಕೊಂಡರು. ಹಾಗಾಗಿ ಇವು ಇವತ್ತಿಗೂ ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ.

ಎರಡನೆಯದು ಹ್ಯಾಂಡ್‌ಬಿಲ್ ಥರದ್ದು. ಚಿತ್ರ ಹಂಚುವ ಕಂಪನಿ ಇದನ್ನು ಅಚ್ಚು ಹಾಕಿಸಿ ಕಳಿಸುತ್ತಿತ್ತು. ಹಿಂದೆ ಖಾಲಿ ಬಿಟ್ಟ ಜಾಗದಲ್ಲಿ ಥಿಯೇಟರಿನವರು ತಮ್ಮ ಹೆಸರು, ತಾರೀಖು ಒತ್ತಿಕೊಳ್ಳುತ್ತಿದ್ದರು. ಆ ಜಾಗ ಖಾಲಿಯೇ ಇದ್ದರೆ ಅದು ಹಂಚದೆ ಉಳಿದ ಪ್ರತಿ ಇರಬಹುದು.

ಜರ್ಮನಿಯವು ಅಂದಿರಲ್ಲ, ಅವುಗಳ ಮೇಲೆ ‘ಇಲ್ಲುಸ್ಟ್ರಿಯರ್ಟರ್ ಫಿಲ್ಮ್-ಕುರಿಯರ್’ ಅಂತ ಇದೆಯಾ ನೋಡಿ. ಬರ್ಲಿನ್ನಿನಲ್ಲಿ 1919ರಿಂದ ಬರುತ್ತಿದ್ದ ಸರಣಿ ಅದು. ಒಂದೊಂದು ಚಿತ್ರಕ್ಕೆ ಒಂದೊಂದು ಸಂಚಿಕೆ. ಯಾವುದೋ ಒಂದು ಥಿಯೇಟರಿಗೆ ಸೇರಿದ್ದಲ್ಲ. ಅದಕ್ಕೆ ಕ್ರಮಸಂಖ್ಯೆ ಇರುವುದರಿಂದ ಕಾಲ ಗುರುತಿಸುವುದು ಸುಲಭ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉಳಿದ ಬಗೆ, ಥಿಯೇಟರಿನ ವಾರದ ಪ್ರೋಗ್ರಾಂ. ನಾಲ್ಕು ಪುಟ, ಎಂಟು ಪುಟ, ಅಗ್ಗದ ಕಾಗದ, ಬದಿಯಲ್ಲಿ ಟೋಪಿ ಅಂಗಡಿಯದೋ ಕಾರಿನದೋ ಜಾಹೀರಾತು. ಬಾಗಿಲಲ್ಲಿ ಸುಮ್ನೆ ಕೈಗಿಡುತ್ತಿದ್ದರು, ಜನ ಸೀಟಿನ ಕೆಳಗೇ ಬಿಟ್ಟು ಹೋಗುತ್ತಿದ್ದರು. ನಿಮ್ಮ ಕಟ್ಟಿನಲ್ಲಿ ಇಂಥವು ಇದ್ದರೆ ದಯವಿಟ್ಟು ಅವನ್ನು ಕೀಳಾಗಿ ಕಾಣಬೇಡಿ.

ಯಾಕೆ ಅಂದರೆ, ಮೂಕಿ ಚಿತ್ರಕ್ಕೆ ಸ್ವಂತ ದನಿ ಇರಲಿಲ್ಲ. ಅದೇ ಚಿತ್ರ ಒಂದು ಥಿಯೇಟರಿನಲ್ಲಿ ದೊಡ್ಡ ವಾದ್ಯವೃಂದದ ಜೊತೆ ಓಡುತ್ತಿತ್ತು, ಇನ್ನೊಂದರಲ್ಲಿ ಒಂಟಿ ಪಿಯಾನೋದ ಜೊತೆ. ನ್ಯೂಯಾರ್ಕಿನಲ್ಲಿ 1927ರ ಮಾರ್ಚ್ 11ರಂದು ತೆರೆದ ರಾಕ್ಸಿ ಥಿಯೇಟರಿಗೆ ಸುಮಾರು 6,000 ಸೀಟು. ಅಂಥ ಕಡೆ ಮುಖ್ಯ ಚಿತ್ರ ಶುರುವಾಗುವ ಮೊದಲು ವಾದ್ಯವೃಂದದ ಆರಂಭಸಂಗೀತ, ಸುದ್ದಿಚಿತ್ರ, ಕುಣಿತ, ಹಾಡು ಎಲ್ಲ ಇರುತ್ತಿದ್ದವು. ಹಾಲಿವುಡ್ಡಿನಲ್ಲಿ ಥಿಯೇಟರ್ ನಡೆಸುತ್ತಿದ್ದ ಸಿಡ್ ಗ್ರಾಮನ್ ಚಿತ್ರಕ್ಕೆ ಹೊಂದುವಂಥ ಪ್ರೊಲಾಗ್ (ಮುನ್ನಾಟ) ಒಂದನ್ನು ರಂಗದ ಮೇಲೆ ಆಡಿಸುತ್ತಿದ್ದ. ಅವತ್ತು ಯಾವ ರಾಗ ನುಡಿಸಿದರು, ಯಾರು ಹಾಡಿದರು, ಆರ್ಗನ್ ಮುಂದೆ ಯಾರು ಕೂತಿದ್ದರು, ಇದು ಯಾವ ಫಿಲ್ಮ್ ಡಬ್ಬಿಯಲ್ಲೂ ಸಿಗುವುದಿಲ್ಲ. ಆ ನಾಲ್ಕು ಪುಟದಲ್ಲಿ ಸಿಗುತ್ತದೆ.

ಫಿಲ್ಮ್ ಡಬ್ಬಿಗಳಾದರೂ ಎಷ್ಟು ಉಳಿದಿವೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇಕಡಾ 14ರಷ್ಟು ಮಾತ್ರ. ಹಾಗಾಗಿ ನಿಮ್ಮ ಕೈಯಲ್ಲಿರುವ ಹಾಳೆ, ಈಗ ಯಾರೂ ನೋಡಲಾಗದ ಚಿತ್ರದ್ದೇ ಆಗಿರಬಹುದು.

ಕೆಲವು ಪ್ರೋಗ್ರಾಂಗಳಲ್ಲಿ ಆಟದ ವೇಳಾಪಟ್ಟಿಯೂ ಇರುತ್ತದೆ. ಸುದ್ದಿಚಿತ್ರ ಇಷ್ಟು ಗಂಟೆಗೆ, ಮುಖ್ಯ ಚಿತ್ರ ಇಷ್ಟಕ್ಕೆ ಅಂತ. ಅಂಥದ್ದು ಸಿಕ್ಕರೆ ನನಗೆ ಹಬ್ಬ. ಮೂಕಿ ಕಾಲದಲ್ಲಿ ಫಿಲ್ಮ್ ಓಡಿಸುವ ವೇಗ ಎಲ್ಲ ಕಡೆ ಒಂದೇ ಇರಲಿಲ್ಲ. 1,000 ಅಡಿಯ ಒಂದು ರೀಲು ಸೆಕೆಂಡಿಗೆ 16 ಫ್ರೇಮಿನಲ್ಲಿ ಓಡಿದರೆ ಹದಿನಾರೂ ಮುಕ್ಕಾಲು ನಿಮಿಷ ಹತ್ತಿರ ಬರುತ್ತದೆ, 24ರಲ್ಲಿ ಓಡಿದರೆ 11 ನಿಮಿಷಕ್ಕೇ ಮುಗಿಯುತ್ತದೆ. ಚಿತ್ರದ ಉದ್ದ ಗೊತ್ತಿದ್ದು ವೇಳಾಪಟ್ಟಿಯೂ ಕೈಯಲ್ಲಿದ್ದರೆ, ಆ ಥಿಯೇಟರಿನಲ್ಲಿ ಅದನ್ನು ಯಾವ ವೇಗದಲ್ಲಿ ಓಡಿಸಿದರು ಅಂತ ಲೆಕ್ಕ ಹಾಕಬಹುದು.

ಈಗ ಕಾಲ ಪತ್ತೆ ಮಾಡುವ ಕೆಲಸ. ವಾರದ ಪ್ರೋಗ್ರಾಂಗಳಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ, ‘ಭಾನುವಾರ, ಮಾರ್ಚ್ 13ರಿಂದ’ ಅಂತ ಮಾತ್ರ ಇರುತ್ತದೆ. ಹಳೆಯ ಕ್ಯಾಲೆಂಡರ್ ತೆಗೆಯಿರಿ. 1920ರ ದಶಕದಲ್ಲಿ ಮಾರ್ಚ್ 13 ಭಾನುವಾರ ಬಿದ್ದದ್ದು 1921 ಮತ್ತು 1927ರಲ್ಲಿ ಮಾತ್ರ. ಚಿತ್ರದ ಹೆಸರು ನೋಡಿದರೆ ಎರಡರಲ್ಲಿ ಯಾವುದು ಅಂತ ತಾನಾಗಿ ತಿಳಿಯುತ್ತದೆ. ಬೇರೆ ಸುಳಿವುಗಳೂ ಇವೆ. ಟಿಕೆಟ್ ದರದ ಪಕ್ಕ ‘ವಾರ್ ಟ್ಯಾಕ್ಸ್’ (ಯುದ್ಧದ ತೆರಿಗೆ) ಅಂತ ಇದ್ದರೆ ಅದು 1917ರ ನವೆಂಬರ್ ನಂತರದ್ದು. ಮೆಟ್ರೊ, ಗೋಲ್ಡ್‌ವಿನ್ ಎಂಬ ಎರಡು ಚಿತ್ರ ಕಂಪನಿಗಳು ಒಂದಾಗಿದ್ದು 1924ರಲ್ಲಿ, ಕಂಪನಿಯ ಹೆಸರು ಹೇಗಿದೆ ನೋಡಿ. ವೈಟಾಫೋನ್ (ಚಿತ್ರಕ್ಕೆ ಧ್ವನಿ ಸೇರಿಸುವ ಒಂದು ವಿಧಾನ) ಅಂತ ಕಂಡರೆ 1926ರ ಆಗಸ್ಟ್‌ಗಿಂತ ಹಿಂದಿನದಲ್ಲ. ಆಗಿನ ಸಿನಿಮಾ ವ್ಯಾಪಾರದ ಪತ್ರಿಕೆಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯವರು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಚಿತ್ರದ ಹೆಸರನ್ನೋ ಥಿಯೇಟರಿನ ಹೆಸರನ್ನೋ ಹಾಕಿ ಹುಡುಕಿದರೆ ಆ ವಾರದ ಸುದ್ದಿಯೇ ಸಿಗುವುದುಂಟು.

ಮರುಬಿಡುಗಡೆಯ ಬಗ್ಗೆ ಎಚ್ಚರ. 1925ರ ‘ಬೆನ್-ಹರ್’ 1931ರಲ್ಲಿ ಧ್ವನಿ ಸೇರಿಸಿಕೊಂಡು ಮತ್ತೆ ಬಂತು. ಚಾಪ್ಲಿನ್ನರ ‘ದಿ ಗೋಲ್ಡ್ ರಷ್’ 1942ರಲ್ಲಿ ನಿರೂಪಣೆಯ ಜೊತೆ ಬಂತು. ಆಗಿನ ಪ್ರೋಗ್ರಾಂಗಳೂ ಹಳೆಯವೇ, ಆದರೆ ಮೊದಲ ಬಿಡುಗಡೆಯವಲ್ಲ. ಬೆಲೆಯಲ್ಲಿ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಹೊಸದಾಗಿ ಅಚ್ಚು ಹಾಕಿದ ಪ್ರತಿಗಳೂ ಓಡಾಡುತ್ತಿವೆ, ಮುಖ್ಯವಾಗಿ ಹೆಸರಾಂತ ಚಿತ್ರಗಳವು. ಭೂತಗನ್ನಡಿ ಹಿಡಿದು ಫೋಟೊಗಳನ್ನು ನೋಡಿ. ಹಳೆಯ ಅಚ್ಚಿನಲ್ಲಿ ಸಾಮಾನ್ಯವಾಗಿ ಸಾಲಾಗಿ ಜೋಡಿಸಿದ ಚುಕ್ಕೆಗಳು ಕಾಣುತ್ತವೆ, ಇಂಕ್‌ಜೆಟ್ ಪ್ರಿಂಟಿನಲ್ಲಿ ಬಣ್ಣ ಚೆಲ್ಲಾಪಿಲ್ಲಿ ಎರಚಿದಂತಿರುತ್ತದೆ. ಆಮೇಲೆ ಕತ್ತಲೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಾಕಿ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಹಾಳೆ ನೀಲಿಬಿಳುಪಾಗಿ ಫಳಫಳ ಹೊಳೆದರೆ ಅದನ್ನು ನಂಬಬೇಡಿ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ತೀರ್ಮಾನಿಸಲೂ ಆಗದು, ಎರಡೂ ಪರೀಕ್ಷೆ ಕೂಡಿಯೇ ಆಗಬೇಕು.

ಇನ್ನು ಬೆಲೆ. ಒಂದು ಮಾತು ಮನಸ್ಸಿನಲ್ಲಿಡಿ. ಅಪರೂಪ ಬೇರೆ, ಬೇಡಿಕೆ ಬೇರೆ. ಥಿಯೇಟರ್ ತೆರೆದ ದಿನದ ಪ್ರೋಗ್ರಾಂ ಅನ್ನು ಜನ ನೆನಪಿಗಾಗಿ ಎತ್ತಿಟ್ಟುಕೊಂಡಿರುತ್ತಾರೆ, ನಂತರ ಬಂದ ಯಾವುದೋ ಮಾಮೂಲಿ ವಾರದ್ದು ಎಲ್ಲೂ ಉಳಿದಿರುವುದಿಲ್ಲ. ಆದರೂ ಜಾಸ್ತಿ ಹಣ ಬರುವುದು ತೆರೆದ ದಿನದ್ದಕ್ಕೇ. ಕೊಳ್ಳುವವರು ಅಲ್ಲಿದ್ದಾರೆ. ಚಾಪ್ಲಿನ್, ಕೀಟನ್, ಲಾನ್ ಚೇನಿ ಇಂಥವರ ಚಿತ್ರಗಳಿಗೆ, ‘ಮೆಟ್ರೊಪೊಲಿಸ್’ನಂಥದ್ದಕ್ಕೆ ಪ್ರಪಂಚದಾದ್ಯಂತ ಆಸಕ್ತರಿದ್ದಾರೆ. ಅವು ಬೇಗ ಮಾರಾಟವಾಗುತ್ತವೆ. ಚಿಕ್ಕ ಊರಿನ ಥಿಯೇಟರಿನ ಹಾಳೆಗೆ ಇಬ್ಬರೇ ಗಿರಾಕಿ ಇರಬಹುದು, ಆದರೆ ಆ ಇಬ್ಬರೂ ಅದಕ್ಕಾಗಿ ಕಾದು ಕೂತಿರುತ್ತಾರೆ.

ಸ್ಥಿತಿ ನೋಡುವಾಗ ಪುಟ ಎಣಿಸುವುದನ್ನು ಮರೆಯಬೇಡಿ. ಸುವನೀರ್ ಪುಸ್ತಕಗಳ ಒಳಗೆ ಪಾತ್ರವರ್ಗ, ಥಿಯೇಟರಿನ ಹೆಸರು ಇರುವ ಬಿಡಿ ಹಾಳೆ ಇದ್ದರೆ ಅದು ಕಳೆದುಹೋಗದಂತೆ ನೋಡಿಕೊಳ್ಳಿ. ಆ ಪ್ರತಿ ಯಾವ ಊರಿನಲ್ಲಿ ಮಾರಾಟವಾದದ್ದು ಅಂತ ಹೇಳುವುದು ಅದೊಂದೇ. ಮಡಿಕೆ, ಸಣ್ಣ ಹರಕು ಇದ್ದರೆ ಅಷ್ಟೇನೂ ನಷ್ಟವಿಲ್ಲ. ಕತ್ತರಿಸಿ ತೆಗೆದ ಫೋಟೊ, ಟೇಪಿನ ಕಲೆ, ನೀರಿನ ಕಲೆ ಇದ್ದರೆ ಬೆಲೆ ಬಿದ್ದುಹೋಗುತ್ತದೆ. ಯಾರೋ ಪೆನ್ಸಿಲಿನಲ್ಲಿ ನೋಡಿದ ತಾರೀಖು, ‘ಚೆನ್ನಾಗಿತ್ತು’ ಅಂತ ಬರೆದಿದ್ದರೆ ಅಳಿಸಬೇಡಿ. ಕೆಲವು ಸಂಗ್ರಾಹಕರಿಗೆ ಅದು ಕೊಳೆ, ನನಗೆ ಅದು ಸಾಕ್ಷಿ. ನಟರ ಸಹಿ ಇದ್ದರೆ ತಿಳಿದವರಿಗೆ ತೋರಿಸದೆ ಬೆಲೆ ಹೇಳಬೇಡಿ, ತಾರೆಯರ ಪರವಾಗಿ ಕಾರ್ಯದರ್ಶಿಗಳೇ ಸಹಿ ಹಾಕುವ ರೂಢಿ ಆಗ ಸಾಕಷ್ಟಿತ್ತು.

ಆನ್‌ಲೈನಿನಲ್ಲಿ ಮಾರುವವರು ಕೇಳುವ ಬೆಲೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಫಿಲ್ಟರ್ ಇದೆ. ಹೆರಿಟೇಜ್ ಆಕ್ಷನ್ಸ್‌ನಂಥ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳನ್ನೂ ನೋಡಬಹುದು. ಅದೇ ಚಿತ್ರ, ಅದೇ ಬಗೆಯ ಪ್ರೋಗ್ರಾಂ, ಅದೇ ಸ್ಥಿತಿ, ಮೂರೂ ಹೊಂದಿದರೆ ಮಾತ್ರ ಹೋಲಿಸಿ. ಒಂದೇ ಒಂದು ಹರಾಜಿನ ದಾಖಲೆ ಬೆಲೆ ನೋಡಿ ಆಸೆ ಕಟ್ಟಿಕೊಳ್ಳುವುದು ಬೇಡ. ಅವತ್ತು ಇಬ್ಬರು ಹಟಕ್ಕೆ ಬಿದ್ದಿರಬಹುದು ಅಲ್ವಾ?

ಇಡುವುದಕ್ಕೆ ಆಮ್ಲವಿಲ್ಲದ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಕವರ್ ತನ್ನಿ. ಪಿವಿಸಿ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಹಚ್ಚಬೇಡಿ. ಬಿಸಿಲು, ತೇವ ತಾಗದ ಜಾಗದಲ್ಲಿ ಮಲಗಿಸಿಡಿ. ಸ್ಟೇಪಲ್ ತುಕ್ಕು ಹಿಡಿದಿದ್ದರೆ ಎಳೆದು ಕೀಳಬೇಡಿ, ಕಾಗದವೂ ಜೊತೆಗೆ ಬಂದುಬಿಡುತ್ತದೆ. ಅದು ಕಾಗದ ಸಂರಕ್ಷಣೆ ಬಲ್ಲವರ ಕೆಲಸ.

ಮುಂದೆ ಸಂಗ್ರಹ ಬೆಳೆಸುವ ಆಸೆಯಿದ್ದರೆ ಎಲ್ಲವನ್ನೂ ಬೆನ್ನಟ್ಟಬೇಡಿ. ಒಬ್ಬ ನಟಿ, ಒಂದು ವರ್ಷ, ಇಲ್ಲವೇ ಒಂದೇ ಥಿಯೇಟರ್ ಆರಿಸಿಕೊಳ್ಳಿ. ನನ್ನ ಓಟು ಥಿಯೇಟರಿಗೆ.

ಕೊನೆಗೆ, ನಿಮ್ಮ ಕಟ್ಟಿನ ಬಗ್ಗೆ ನಾನು ನಿಜವಾಗಿ ಕೇಳಬೇಕೆಂದಿರುವುದು ಇದು: ಅದರಲ್ಲಿ ಒಂದೇ ಥಿಯೇಟರಿನ ಎಷ್ಟು ವಾರಗಳಿವೆ? ಸಾಲಾಗಿ ಹತ್ತು ಹದಿನೈದು ವಾರ ಇದ್ದರೂ ಅದನ್ನು ಒಡೆಯಬೇಡಿ. ಒಳ್ಳೆಯ ಚಿತ್ರದ ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತೇನೆ ಅನ್ನುವ ವ್ಯಾಪಾರಿ ಬಂದರೆ ಒಪ್ಪಬೇಡಿ. ಮೊದಲು ಪ್ರತಿ ಪುಟ ಸ್ಕ್ಯಾನ್ ಮಾಡಿ, ಥಿಯೇಟರ್, ಊರು, ವಾರ, ಚಿತ್ರ ಇಷ್ಟನ್ನು ಬರೆದು ಪಟ್ಟಿ ಮಾಡಿ. ಆಮೇಲೆ ಆ ಊರಿನ ಗ್ರಂಥಾಲಯಕ್ಕೆ, ಅಥವಾ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿರುವ ಸಿನಿಮಾ ಗ್ರಂಥಾಲಯ ಮಾರ್ಗರೆಟ್ ಹೆರಿಕ್ ಲೈಬ್ರರಿಯಂಥ ಕಡೆಗೆ ಪಟ್ಟಿ ಕಳಿಸಿ, ಈ ವಾರಗಳು ನಿಮ್ಮಲ್ಲಿವೆಯಾ ಅಂತ ಕೇಳಿ. ಇಲ್ಲ ಅಂತ ಉತ್ತರ ಬಂದರೆ ಮಾರುವ ಮೊದಲು ಸ್ಕ್ಯಾನ್ ಪ್ರತಿಯನ್ನಾದರೂ ಅವರಿಗೆ ಕೊಡಿ. ಪಟ್ಟಿ ಸಿದ್ಧವಾದಾಗ ಇಲ್ಲಿ ಹಾಕಿದರೆ ಇಸವಿ ಇಲ್ಲದವನ್ನು ಗುರುತಿಸಲು ನಾನೂ ಕೂರುತ್ತೇನೆ.