ಹಳದಿ ಕಣ್ಣಿಗೆಲ್ಲ ಒಂದೇ ಸೊಪ್ಪಾ?

ಹಾನಗಲ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಹೋದ ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿದ್ದ ಮಗನಿಗೆ ಕಾಮಾಲೆ ಆಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಔಷಧಿ ಏನೂ ಬೇಡ, ರೆಸ್ಟ್ ಮಾಡಲಿ ಅಂದರು. ನಮ್ಮತ್ತೆ ಕೇಳಲಿಲ್ಲ. ಪಕ್ಕದ ಊರಿನ ಸೊಪ್ಪಿನ ಔಷಧಿ ಮೂರು ದಿನ ಕುಡಿಸಿದರು. ಮೂರು ವಾರದಲ್ಲಿ ಹುಡುಗ ಆರಾಮಾದ. ಈಗ ನಮ್ಮಣ್ಣನಿಗೆ, 54 ವರ್ಷ, ತಿಂಗಳಿಂದ ಕಣ್ಣು ಹಳದಿ. ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಾನೆ. ಅದೇ ಸೊಪ್ಪು ಕೊಡಿಸಬಹುದಾ? ನೀವು ನಾಟಿ ಔಷಧಿ ಅಂದರೆ ಮೂಗು ಮುರಿಯುವವರು, ಗೊತ್ತು.”

ಮೂಗು ಮುರಿಯುವುದಿಲ್ಲ ಅಕ್ಕಾ. ಆದರೆ ಅಣ್ಣನವರ ಪ್ರಶ್ನೆಗೆ ಉತ್ತರ: ಬೇಡ. ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಂಚಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವವರೆಗೆ ಕಾಯಬಾರದು ಅಂತ ಇದನ್ನು ಫೋನಿನಲ್ಲೂ ಹೇಳಿದ್ದೇವೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಕಾಮಾಲೆ ಅನ್ನುವುದು ಒಂದು ರೋಗವಲ್ಲ, ರೋಗದ ಗುರುತು. ನಮ್ಮ ರಕ್ತದ ಕೆಂಪು ಕಣಗಳ ಆಯಸ್ಸು ಸುಮಾರು 120 ದಿನ. ಅವು ಸತ್ತಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು, ಪಿತ್ತದ ಜೊತೆ ಸೇರಿಸಿ, ಪಿತ್ತನಾಳದಲ್ಲಿ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ರಕ್ತದಲ್ಲಿ ಅದು ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ ಸರಿ. ಎರಡು ಮೂರು ದಾಟಿದರೆ ಕಣ್ಣಿನಲ್ಲಿ ಹಳದಿ ಕಾಣುತ್ತದೆ. ಕಣಗಳು ಅತಿಯಾಗಿ ಒಡೆದರೂ ಹಳದಿ, ಲಿವರ್ ಬಾತುಕೊಂಡರೂ ಹಳದಿ, ನಾಳ ಕಟ್ಟಿಕೊಂಡರೂ ಹಳದಿ.

ನಿಮ್ಮ ಮಗನದು ಎರಡನೆಯದು. ವಯಸ್ಸು, ಹಾಸ್ಟೆಲಿನ ಊಟ, ಮಳೆಗಾಲದ ನೀರು, ಡಾಕ್ಟರು ಹೇಳಿದ ಮಾತು ಎಲ್ಲ ನೋಡಿದರೆ ಹೆಪಟೈಟಿಸ್ ಎ, ಅಂದರೆ ಹೊಲಸು ನೀರು, ಊಟದಿಂದ ಬರುವ ಲಿವರಿನ ವೈರಸ್ ಸೋಂಕು ಇರಬೇಕು. ಅಣ್ಣನವರದು ಮೂರನೆಯದು ಅನ್ನುವ ಅನುಮಾನ. ಈ ವಯಸ್ಸಿನಲ್ಲಿ ತಿಂಗಳಾದರೂ ಇಳಿಯದ ಹಳದಿ, ಜೊತೆಗೆ ತುರಿಕೆ ಅಂದರೆ ಪಿತ್ತ ಹೊರಗೆ ಹರಿಯದೆ ರಕ್ತಕ್ಕೆ ತಿರುಗಿರಬಹುದು. ಮಲ ಬೂದುಮಣ್ಣಿನ ಹಾಗೆ ಬಿಳಚಿದೆಯಾ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆಯಾ, ತೂಕ ಇಳಿದಿದೆಯಾ ಅಂತ ಕೇಳಿ ನೋಡಿ. ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ಗಡ್ಡೆಯೂ ಇರಬಹುದು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ದಾರಿ ಗೊತ್ತಾಗುತ್ತದೆ. ಕಲ್ಲಾದರೆ ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಗಡ್ಡೆಯಾದರೆ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ. ಯಾವ ಸೊಪ್ಪೂ ಕಟ್ಟಿದ ನಾಳವನ್ನು ಬಿಡಿಸುವುದಿಲ್ಲ.

ಹಾಗಾದರೆ ಅತ್ತೆಯವರ ಸೊಪ್ಪು ಸುಳ್ಳಾ? ಹುಡುಗ ಗುಣವಾಗಿದ್ದು ನಿಜ, ಸೊಪ್ಪು ಕುಡಿದಿದ್ದೂ ನಿಜ. ಆದರೆ ಹೆಪಟೈಟಿಸ್ ಎ ಬಂದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಏನೂ ಕುಡಿಯದಿದ್ದರೂ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮೊದಲು ಜ್ವರ, ವಾಂತಿ, ಊಟದ ವಾಸನೆಯೇ ಸೇರದ ಸ್ಥಿತಿ. ಕಣ್ಣು ಹಳದಿಯಾಗುವುದು ಆಮೇಲೆ. ಜನ ಸೊಪ್ಪು ಹುಡುಕಿಕೊಂಡು ಹೊರಡುವುದು ಅದಕ್ಕೂ ಆಮೇಲೆ. ಅಷ್ಟರಲ್ಲಿ ದೇಹ ವೈರಸ್ಸನ್ನು ಹತ್ತಿಕ್ಕಲು ಶುರುಮಾಡಿರುತ್ತದೆ. ಹೀಗೆ ಇಳಿಮುಖವಾದಾಗ ಕೊಟ್ಟ ಔಷಧಿಗೆ ಹೆಸರು ಬಂದೇ ಬರುತ್ತದೆ. ಡಾಕ್ಟರು ಬರೀ ರೆಸ್ಟ್ ಹೇಳಿ ಫೀಸು ತೆಗೆದುಕೊಂಡರು ಅನ್ನುವ ಸಿಟ್ಟು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ನನ್ನ ಪ್ರಕಾರ ಅವರು ಸರಿಯಾದ ಚಿಕಿತ್ಸೆಯನ್ನೇ ಕೊಟ್ಟರು. ಯಾಕೆ ಅಂತ ಎರಡು ಮಾತು ಬಿಡಿಸಿ ಹೇಳಬಹುದಿತ್ತು, ಅಷ್ಟೇ.

ಕಾಮಾಲೆಗೆ ಹೆಚ್ಚಾಗಿ ಕೊಡುವ ಸೊಪ್ಪು ನೆಲನೆಲ್ಲಿ. ವಿಜ್ಞಾನಿಗಳು ಅದನ್ನು ಸುಮ್ನೆ ತಳ್ಳಿಹಾಕಲಿಲ್ಲ. ಹೆಪಟೈಟಿಸ್ ಬಿ ಎಂಬ ಇನ್ನೊಂದು ಲಿವರ್ ವೈರಸ್ಸನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರೇ ಮದ್ರಾಸಿನ ತ್ಯಾಗರಾಜನ್ ಮತ್ತಿತರರ ಜೊತೆ ಇದನ್ನು ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು: ನೆಲನೆಲ್ಲಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ಬಿ ವೈರಸ್ಸಿನ ಗುರುತು ಹೋಗಿತ್ತು. ಹೋಲಿಕೆಗೆ ಅಂತ ಔಷಧಿಯಿಲ್ಲದ ಹುಸಿ ಗುಳಿಗೆ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಎಷ್ಟು ಆಸೆ ಹುಟ್ಟಿರಬೇಕು ಅಲ್ವಾ? ಆದರೆ ಬೇರೆ ಕಡೆಗಳಲ್ಲಿ ಅದೇ ಪರೀಕ್ಷೆ ಮಾಡಿದಾಗ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಇವತ್ತಿಗೂ ಗಟ್ಟಿಯಾದ ಸಾಕ್ಷಿ ಇಲ್ಲ.

ಸೊಪ್ಪಿನವರಲ್ಲಿ ಪ್ರಾಮಾಣಿಕರು ಇದ್ದಾರೆ, ಒಪ್ಪುತ್ತೇನೆ. ಕಾಮಾಲೆ “ಇಳಿಸುವ” ಆಟದವರ ಬಗ್ಗೆ ಮಾತ್ರ ನನಗೆ ಕರುಣೆ ಇಲ್ಲ. ಕೈಗೆ ಏನೋ ರಸ ಸವರಿ, ಸುಣ್ಣದ ನೀರಿನಲ್ಲಿ ತೊಳೆಸುತ್ತಾರೆ. ತಟ್ಟೆಯ ನೀರು ಹಳದಿಯಾಗುತ್ತದೆ. ನೋಡಿ, ಕಾಮಾಲೆ ಇಳಿಯಿತು ಅನ್ನುತ್ತಾರೆ. ಸವರಿದ್ದು ಮಾವಿನ ತೊಗಟೆಯ ರಸ. ಅದು ಸುಣ್ಣಕ್ಕೆ ಸೇರಿದರೆ ಆರೋಗ್ಯವಂತರ ಕೈ ತೊಳೆದರೂ ನೀರು ಹಳದಿಯೇ. ಇನ್ನು ಬರೆ ಹಾಕಿಸುವುದಂತೂ ಬೇಡವೇ ಬೇಡ. ಗಾಯ ಕೀವಾಗಿ ಇನ್ನೊಂದು ರೋಗ ಅಂಟಿಕೊಳ್ಳುತ್ತದೆ.

ಪ್ರಕೃತಿಯಿಂದ ಬಂದದ್ದೆಲ್ಲ ಬೊಗಳೆ ಅಂತ ನಾನು ಹೇಳುತ್ತಿಲ್ಲ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಕೂಸುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಕೂಸಿನ ಮೈಯ ಹಳದಿ ಇಳಿದು, ಬಟ್ಟೆ ಮುಚ್ಚಿದ ಕಡೆ ಹಾಗೇ ಉಳಿದಿತ್ತು. ಡಾಕ್ಟರುಗಳು ಅದನ್ನು ಅಳೆದು ನೋಡಿದರು. ಇವತ್ತು ಹಸುಗೂಸುಗಳನ್ನು ನೀಲಿ ಬೆಳಕಿನ ಕೆಳಗೆ ಮಲಗಿಸುವುದು ಅಲ್ಲಿಂದ ಬಂದದ್ದು. ಹಾಗಂತ ಕೂಸಿಗೆ ಕಾಮಾಲೆ ಆದರೆ ಅಂಗಳದ ಬಿಸಿಲೇ ಸಾಕು ಅಂತ ಕೂರಬೇಡಿ. ಬಿಲಿರುಬಿನ್ ಮಿತಿಮೀರಿ ಏರಿದರೆ ಮೆದುಳಿಗೇ ಪೆಟ್ಟು.

ಇನ್ನು “ಸೊಪ್ಪಲ್ವಾ, ಏನೂ ಮಾಡಲ್ಲ” ಅನ್ನುವ ಮಾತು. ಲಿವರ್ ಬಾತಿರುವಾಗ ಹೊಟ್ಟೆಗೆ ಹೋದದ್ದನ್ನೆಲ್ಲ ಅರಗಿಸಬೇಕಾದದ್ದೂ ಆ ಲಿವರೇ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ಮಂದಿಯ ವಿವರ ಪ್ರಕಟಿಸಿದರು. ಅದು ಅಮೃತಬಳ್ಳಿಯೇ ಅನ್ನುವುದಕ್ಕೆ ಪುರಾವೆ ಏನು, ಅದೇ ಥರ ಕಾಣುವ ಬೇರೆ ಬಳ್ಳಿ ಇರಬಹುದಲ್ಲ ಅಂತ ಆಯುಷ್ ಸಚಿವಾಲಯ ಕೇಳಿತು. ವಾದ ಯಾರು ಗೆದ್ದರೂ ನಮಗೆ ಕೇಳಬೇಕಾದ ಪ್ರಶ್ನೆ ಅದೇ ತಾನೇ: ಅರೆದು ಹಾಲಿಗೆ ಹಾಕಿದ ಮೇಲೆ ಅದು ಯಾವ ಎಲೆ ಅಂತ ಯಾರು ಹೇಳಬೇಕು? ಯಾರಾದರೂ ಕುಡಿದಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬೈಯ್ದರೆ ಬೈಯಲಿ.

ಪಥ್ಯದ ಬಗ್ಗೆಯೂ ಒಂದು ಮಾತು. ಉಪ್ಪಿಲ್ಲದ ಗಂಜಿ ತಿಂಗಳುಗಟ್ಟಲೆ ಕುಡಿಸಿ ರೋಗಿಯನ್ನು ಬಡಕಲು ಮಾಡಬೇಡಿ. ವಾಕರಿಕೆ ಇರುವಾಗ ಎಣ್ಣೆ ಪದಾರ್ಥ ಸೇರುವುದಿಲ್ಲ, ಆಗ ಬೇಡ. ಹಸಿವಾದಂತೆ ಅನ್ನ, ಬೇಳೆ, ಮೊಸರು, ಮೊಟ್ಟೆ, ಹಣ್ಣು ಎಲ್ಲ ಕೊಡಿ. ಅರಿಶಿನ ಹಾಕಿದ ಸಾರಿನಿಂದ ಕಾಮಾಲೆ ಜಾಸ್ತಿ ಆಗುವುದಿಲ್ಲ. ಹೆಂಡ ಮುಟ್ಟಬಾರದು, ಜ್ವರದ ಗುಳಿಗೆಯನ್ನೂ ಕೇಳದೆ ನುಂಗಬಾರದು. ಕಬ್ಬಿನ ಹಾಲು ಲಿವರಿಗೆ ಒಳ್ಳೆಯದು ಅಂತ ರಸ್ತೆ ಬದಿ ಕುಡಿಸುತ್ತಾರಲ್ಲ, ಆ ಐಸಿನ ನೀರಿನಿಂದಲೇ ಕಾಮಾಲೆ ಬರಬಹುದು.

ರೋಗಿ ಮಂಕಾಗಿ ತಡವರಿಸಿ ಮಾತಾಡಿದರೆ, ಹಗಲೆಲ್ಲ ತೂಗಡಿಸಿದರೆ, ವಾಂತಿ ನಿಲ್ಲದಿದ್ದರೆ, ಎಲ್ಲಾದರೂ ರಕ್ತ ಒಸರಿದರೆ ಅವತ್ತೇ ದೊಡ್ಡ ಆಸ್ಪತ್ರೆ. ಬಸುರಿಯ ಕಣ್ಣು ಹಳದಿಯಾದರೆ ಇಷ್ಟಕ್ಕೂ ಕಾಯಬೇಡಿ. ನೀರಿನಿಂದಲೇ ಬರುವ ಹೆಪಟೈಟಿಸ್ ಇ ತುಂಬು ಬಸುರಿಯರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಜೀವ ತೆಗೆಯಬಲ್ಲದು.

ಎ ಮತ್ತು ಬಿ ಎರಡಕ್ಕೂ ಲಸಿಕೆ ಇದೆ. ಮಕ್ಕಳಿಗೆ ಬಿ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ದಿನವೇ ಉಚಿತವಾಗಿ ಸಿಗುತ್ತದೆ. ದೊಡ್ಡವರು ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬರಿಗೆ ಎ ಬಂದರೆ ಉಳಿದವರು ಎರಡು ವಾರದೊಳಗೆ ಲಸಿಕೆ ಹಾಕಿಸಿಕೊಂಡರೂ ಉಪಯೋಗವಿದೆ. ಡಾಕ್ಟರನ್ನು ಕೇಳಿ.

— ಸಂಪಾದಕ