ಇ-ಪುಸ್ತಕದ ಬೀಗ ಮತ್ತು ಕೊಳ್ಳುವವರ ಲೆಕ್ಕಾಚಾರ

ನಕಲು ಮಾಡದಂತೆ ಡಿಆರ್‌ಎಂ ಎಂಬ ತಾಂತ್ರಿಕ ಬೀಗ ಹಾಕಿದ ಇ-ಪುಸ್ತಕಗಳನ್ನು ಕೊಳ್ಳಲು ಓದುಗರು ಹಿಂಜರಿಯುತ್ತಾರೆಯೇ ಎಂದು ತಾವು ಕೇಳಿದ್ದೀರಿ. ನಾನು ಕಂಡಂತೆ ಕೊಳ್ಳುವುದು ನಿಲ್ಲುವುದಿಲ್ಲ. ಯಾವ ಪುಸ್ತಕವನ್ನು ಯಾವ ರೂಪದಲ್ಲಿ ಕೊಳ್ಳಬೇಕು ಎಂಬ ಲೆಕ್ಕ ಬದಲಾಗುತ್ತದೆ.

ನಾನಿರುವುದು ವಿರಾಜಪೇಟೆಯ ಬಳಿ. ಕೊಡಗಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಪುಸ್ತಕಗಳಿಗೂ ಬೂಷ್ಟು ಹಿಡಿಯುವುದರಿಂದ ಇ-ಪುಸ್ತಕಗಳನ್ನು ಮನಸಾರೆ ಸ್ವಾಗತಿಸಬೇಕಾದವರು ನಾವು. ಆದರೂ ಒಮ್ಮೆ ಓದಿ ಮುಗಿಸುವ ಕಾದಂಬರಿಯನ್ನಷ್ಟೇ ನಾನು ಬೀಗವಿರುವ ರೂಪದಲ್ಲಿ ಕೊಳ್ಳುತ್ತೇನೆ. ವರ್ಷಗಟ್ಟಲೆ ತೆಗೆದು ನೋಡಬೇಕಾದ ನಿಘಂಟು, ಇತಿಹಾಸ, ಕಾಫಿ ಕೃಷಿಯ ಪುಸ್ತಕಗಳನ್ನು ಬೂಷ್ಟಿನ ಕಾಟವಿದ್ದರೂ ಅಚ್ಚಿನಲ್ಲೇ ತರಿಸುತ್ತೇನೆ. ಅಚ್ಚಿನ ಪುಸ್ತಕವನ್ನು ನೆರೆಮನೆಯವರಿಗೆ ಓದಲು ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು.

ಬೀಗವಿರುವ ಪುಸ್ತಕದಲ್ಲಿ ನಮಗೆ ಸಿಗುವುದು ಓದುವ ಪರವಾನಗಿ ಮಾತ್ರ, ಒಡೆತನವಲ್ಲ. 2009ರಲ್ಲಿ ಅಮೆಜಾನ್, ಮಾರುವ ಹಕ್ಕಿಲ್ಲದವರು ತನ್ನ ಅಂಗಡಿಗೆ ಸೇರಿಸಿದ್ದರೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ ಅವರ ಎರಡು ಕೃತಿಗಳನ್ನು ಕೊಂಡವರ ಕಿಂಡಲ್‌ಗಳಿಂದ (ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ) ದೂರದಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಟಿಪ್ಪಣಿ ಮಾಡಿಕೊಂಡಿದ್ದವರಿಗೆ 25 ಡಾಲರ್ ಹೆಚ್ಚುವರಿಯಾಗಿಯೂ ಸಿಕ್ಕಿತು. ಆದರೆ ಪುಸ್ತಕಗಳು ಮತ್ತೆ ತೆರೆಯಲಿಲ್ಲ. 2025ರ ಫೆಬ್ರವರಿಯಲ್ಲಿ, ಕೊಂಡ ಕಿಂಡಲ್ ಪುಸ್ತಕದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯ ಮೂಲಕ ಸಾಧನಕ್ಕೆ ಹಾಕಿಕೊಳ್ಳುವ ಸೌಲಭ್ಯವನ್ನೂ ಅಮೆಜಾನ್ ತೆಗೆದುಹಾಕಿತು. ಇಷ್ಟನ್ನು ಬಲ್ಲ ಓದುಗರು ಬೀಗವಿರುವ ಪುಸ್ತಕಕ್ಕೆ ಅಚ್ಚಿನ ಪುಸ್ತಕದಷ್ಟೇ ಬೆಲೆ ಕೊಡಲು ಒಪ್ಪದಿದ್ದರೆ ಅದು ಜಿಪುಣತನವಲ್ಲ.

ಪ್ರಕಾಶಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕನ್ನಡ ಪುಸ್ತಕಗಳ ಪಿಡಿಎಫ್ ಪ್ರತಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಅಚ್ಚಿನ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಹಂಚುವವರನ್ನು ಇ-ಪುಸ್ತಕದ ಬೀಗ ತಡೆಯಲಾರದು. ಅದರ ತೊಂದರೆಯೆಲ್ಲ ಹಣ ಕೊಟ್ಟು ಕೊಂಡವರ ಪಾಲಿಗೆ. ವೈಜ್ಞಾನಿಕ ಕಾದಂಬರಿಗಳಿಗೆ ಹೆಸರಾದ ಅಮೆರಿಕದ ಟಾರ್ ಪ್ರಕಾಶನವು 2012ರಲ್ಲಿ ತನ್ನ ಇ-ಪುಸ್ತಕಗಳಿಂದ ಡಿಆರ್‌ಎಂ ತೆಗೆದುಹಾಕಿತು, ವರ್ಷದ ನಂತರ ಅದರ ಬ್ರಿಟನ್ ಶಾಖೆಯು ಕಳ್ಳಪ್ರತಿಗಳು ಹೆಚ್ಚಿದ್ದು ಕಂಡುಬಂದಿಲ್ಲವೆಂದು ತಿಳಿಸಿತು. ಬೀಗದ ಬದಲು ಕೊಂಡವರ ಗುರುತನ್ನು ಕಡತದೊಳಗೆ ಸೇರಿಸುವ ಕ್ರಮವೂ ಇದೆ, ಕನ್ನಡ ಪ್ರಕಾಶಕರಿಗೆ ಅದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೀಗ ಮುರಿಯುವ ದಾರಿಯನ್ನು ನಾನು ಸೂಚಿಸಲಾರೆ. ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡುವುದು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ನಮ್ಮಲ್ಲೂ ಅಪರಾಧ. ತಾವು ಕೊಳ್ಳುವ ಮುನ್ನ ಪುಸ್ತಕದ ವಿವರವನ್ನು ಓದಿ, ಬೀಗವಿಲ್ಲದ ಇಪಬ್ (ಇ-ಪುಸ್ತಕಗಳ ಸಾಮಾನ್ಯ ಕಡತ ರೂಪ) ಕಡತ ಸಿಗುವುದೇ ಎಂದು ನೋಡಿ. ಸಿಗದಿದ್ದರೆ ಪ್ರಕಾಶಕರಿಗೇ ಬರೆದು ಕೇಳಿ.